ಮುಂಬಯಿಯ ಅಪರಿಚಿತರು: ಜಯಂತ ಕಾಯ್ಕಿಣಿಯವರ ಕಥೆ ಹಾಗೂ ಕವಿತೆ

ಊರು ಬಿಟ್ಟು ಬಂದು ಮಹಾನಗರದಲ್ಲಿ ನೆಲೆ ಕಂಡವರ ಬದುಕನ್ನು ಕುರಿತು ಕನ್ನಡದಲ್ಲಿ ಬಂದಿರುವ ಸಾಹಿತ್ಯದಲ್ಲಿ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳಿಗೆ ವಿಶಿಷ್ಟವಾದ ಸ್ಥಾನವಿದೆ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿ ಪರಿಸರದ ಕನ್ನಡ ಕುಟುಂಬಗಳಿಗೆ ಅವರ ಹೆಸರು ಹೊಸದಲ್ಲ. 2006ರಲ್ಲಿ 'ಮುಂಗಾರು ಮಳೆ' ಚಲನಚಿತ್ರ ಬಂದ ಮೇಲಂತೂ ಅವರ ಚಿತ್ರಗೀತೆಗಳು ನಮ್ಮ ರಾಜ್ಯೋತ್ಸವ ಕಾರ್ಯಕ್ರಮಗಳ ವೇದಿಕೆಯನ್ನೇರಿವೆ. ಆದರೆ ಆ ಹಾಡುಗಳನ್ನು ಹಾಡುವ ಮಕ್ಕಳಲ್ಲಿ ಅನೇಕರಿಗೆ, ಅವುಗಳನ್ನು ಬರೆದ ಕವಿ ಎರಡು ದಶಕಗಳಿಗೂ ಮೀರಿ ಇದೇ ಮುಂಬಯಿಯಲ್ಲಿ ಔಷಧ ತಯಾರಿಕೆಯ ಉದ್ಯಮದಲ್ಲಿ ದುಡಿದವರು, ಇಲ್ಲಿನ ರೈಲು, ಚಾಳು, ಆಸ್ಪತ್ರೆ, ಸಿನಿಮಾ ಮಂದಿರಗಳ ಕಥೆಗಾರರು ಎಂಬ ಸಂಗತಿ ತಿಳಿದಿರುವುದಿಲ್ಲ. ಆ ಕಥೆ ಕವಿತೆಗಳ ಪರಿಚಯ ಈ ಬರಹದ ಉದ್ದೇಶ.

ಕಾಯ್ಕಿಣಿಯವರು ಹುಟ್ಟಿದ್ದು 1955ರ ಜನವರಿ 24ರಂದು, ಉತ್ತರ ಕನ್ನಡ ಜಿಲ್ಲೆಯ ಗೋಕರ್ಣದಲ್ಲಿ. ತಂದೆ ಗೌರೀಶ ಕಾಯ್ಕಿಣಿ (1912-2002) ಅಧ್ಯಾಪಕರು, ಪ್ರಸಿದ್ಧ ವಿಮರ್ಶಕರು ಮತ್ತು ವಿಚಾರವಾದಿಗಳು. ತಾಯಿ ಶಾಂತಾ ಸಮಾಜಸೇವೆಯಲ್ಲಿ ತೊಡಗಿಕೊಂಡವರು. ಮನೆಮಾತು ಕೊಂಕಣಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಪದವಿ ಪಡೆದು, ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ ಉದ್ಯೋಗಕ್ಕಾಗಿ ಮುಂಬಯಿಗೆ ಬಂದರು. ಆ ವೇಳೆಗಾಗಲೇ ಅವರು ಪ್ರಶಸ್ತಿ ಪಡೆದ ಕವಿ. 1974ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ಪ್ರಕಟವಾದ ಮೊದಲ ಸಂಕಲನ 'ರಂಗದಿಂದೊಂದಿಷ್ಟು ದೂರ'ಕ್ಕೇ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆತಿತ್ತು. ಮುಂದೆ ಅದೇ ಅಕಾಡೆಮಿಯ ಪುರಸ್ಕಾರ ಅವರಿಗೆ ಇನ್ನೂ ಮೂರು ಸಲ ಸಂದಿದೆ. 2000ದ ಸುಮಾರಿಗೆ ಮುಂಬಯಿ ಬಿಟ್ಟು ಬೆಂಗಳೂರಿಗೆ ತೆರಳಿದರು. ಆದರೆ ಮುಂಬಯಿ ಅವರ ಕಥೆಗಳನ್ನು ಬಿಟ್ಟು ಹೋಗಲಿಲ್ಲ.

ಗೋಕರ್ಣದ ತರುಣನೊಬ್ಬ ಬೆಂಗಳೂರಿಗೆ ಹೋಗದೆ ಮುಂಬಯಿಗೆ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಉತ್ತರ ಕನ್ನಡ ಜಿಲ್ಲೆಯು 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ಆ ಜನರಿಗೆ ಮುಂಬಯಿಯೇ ರಾಜಧಾನಿ. ಕಾಲೇಜು, ಕಚೇರಿ, ನೌಕರಿ ಎಂದರೆ ಇತ್ತಲೇ ಮುಖ. ಗಡಿ ಬದಲಾದರೂ ಕಾಲು ಹಳೆಯ ದಾರಿಯನ್ನು ಮರೆಯಲಿಲ್ಲ. ದಕ್ಷಿಣ ಕನ್ನಡದವರನ್ನು ಹೋಟೆಲು ಕರೆತಂದರೆ, ಉತ್ತರ ಕನ್ನಡದವರನ್ನು ಕರೆತಂದದ್ದು ಬಹುಪಾಲು ಓದು ಮತ್ತು ಕಚೇರಿ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆದುಕೊಂಡ ಬಳಿಕ ಥಾಣೆಯಲ್ಲೋ ಪನವೇಲಿನಲ್ಲೋ ರೈಲು ಹತ್ತಿ ಕರಾವಳಿಯ ಊರುಗಳಲ್ಲಿ ಇಳಿಯುವುದು ಸುಲಭವಾಯಿತು. ಕಾಯ್ಕಿಣಿಯವರ ಮುಂಬಯಿ ವಾಸ್ತವ್ಯದ ಹೆಚ್ಚಿನ ಅವಧಿ ಅದಕ್ಕೂ ಹಿಂದಿನದು. ಊರು ಆಗ ನಿಜಕ್ಕೂ ದೂರವಿತ್ತು.

ಇದೇ ಕುಮಟಾ ತಾಲೂಕಿನ ಹನೇಹಳ್ಳಿಯಿಂದ ಬಂದವರು ಯಶವಂತ ಚಿತ್ತಾಲರು (1928-2014). ಅವರ 'ಶಿಕಾರಿ' (1979) ಕಾದಂಬರಿಯ ನಾಗಪ್ಪ ಮುಂಬಯಿಯ ದೊಡ್ಡ ಕಂಪನಿಯೊಂದರ ಒಳಸಂಚಿಗೆ ಸಿಲುಕಿದ ಅಧಿಕಾರಿ. ಉಡುಪಿಯ ಕಡೆಯಿಂದ ಬಂದ ವ್ಯಾಸರಾಯ ಬಲ್ಲಾಳರು (1923-2008) ಇಲ್ಲಿನ ಕಾರ್ಮಿಕ ಹೋರಾಟವನ್ನು 'ಬಂಡಾಯ' ಕಾದಂಬರಿಗೆ ತಂದರು. ಚಿತ್ತಾಲರಿಗೆ 1983ರಲ್ಲಿ 'ಕಥೆಯಾದಳು ಹುಡುಗಿ' ಸಂಕಲನಕ್ಕೆ, ಬಲ್ಲಾಳರಿಗೆ 1986ರಲ್ಲಿ 'ಬಂಡಾಯ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಈ ಹಿರಿಯರಿಬ್ಬರನ್ನೂ ಪ್ರತ್ಯೇಕವಾಗಿಯೇ ಪರಿಚಯಿಸಬೇಕಾದೀತು. ಇಲ್ಲಿ ಒಂದು ವ್ಯತ್ಯಾಸವನ್ನಷ್ಟೇ ಗಮನಿಸೋಣ. ಚಿತ್ತಾಲರ ಮುಂಬಯಿಯಲ್ಲಿ ಊರಿನ ಸೂತ್ರ ಕಡಿದಿರುವುದಿಲ್ಲ. ಅಲ್ಲಿನ ಮನುಷ್ಯನ ಹಿಂದೆ ಹನೇಹಳ್ಳಿಯ ನೆನಪು, ಮನೆತನದ ರಹಸ್ಯ, ಭಯ ನೆರಳಿನಂತೆ ಬರುತ್ತವೆ. ಕಾಯ್ಕಿಣಿಯವರ ಮುಂಬಯಿಯಲ್ಲಿ ಬಹುಮಂದಿಗೆ ಹಿಂದೆ ತಿರುಗಿ ನೋಡಲು ಊರೇ ಇಲ್ಲ.

'ನಮ್ಮವರು' ಎಲ್ಲಿ?

ಈ ಕಥೆಗಳನ್ನು ಓದಿದ ನಮ್ಮ ಕಡೆಯ ಹಿರಿಯರು ಕೆಲವೊಮ್ಮೆ ಒಂದು ಆಕ್ಷೇಪವನ್ನೆತ್ತುವುದುಂಟು. ಕನ್ನಡದ ಲೇಖಕ, ಮುಂಬಯಿಯ ಕಥೆ, ಆದರೆ ಅದರಲ್ಲಿ ಮುಂಬಯಿ ಕನ್ನಡಿಗ ಎಲ್ಲಿದ್ದಾನೆ? ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆ, ರಾತ್ರಿಶಾಲೆ, ಸಂಘದ ವಾರ್ಷಿಕೋತ್ಸವ, ಯಕ್ಷಗಾನ ಇವೆಲ್ಲ ಎಲ್ಲಿ? ಕಥೆಗಳಲ್ಲಿ ಬರುವ ಹೆಸರುಗಳಾದರೋ ದಗಡೂ ಪರಬ್, ಪೋಪಟ್, ಅಸಾವರಿ ಲೋಖಂಡೆ, ಇಂದ್ರನೀಲ, ಮೋಗ್ರಿ, ಕುಂಜಬಿಹಾರಿ!

ಆಕ್ಷೇಪದಲ್ಲಿ ಸತ್ಯಾಂಶವಿದೆ. ಹೊರನಾಡ ಕನ್ನಡಿಗರ ಸಾಮಾಜಿಕ ಇತಿಹಾಸವನ್ನು ಹುಡುಕುವವರು ಈ ಕಥೆಗಳಿಂದ ನಿರಾಶರಾಗಬಹುದು. ಆದರೆ ನಮ್ಮ ದೃಷ್ಟಿಯಲ್ಲಿ ಅವರ ಕಥನದ ನಿಜವಾದ ಸಾಧನೆಯಿರುವುದು ಇಲ್ಲಿಯೇ. ಮುಂಬಯಿಗೆ ಬಂದವನು ಮೊದಲು ತನ್ನ ಜಾತಿಯವರನ್ನು, ತನ್ನ ಭಾಷೆಯವರನ್ನು ಹುಡುಕಿಕೊಂಡು ಹೋಗುತ್ತಾನೆ ಎಂಬುದು ನಿಜ. ಸಂಘಸಂಸ್ಥೆಗಳೆಲ್ಲ ಹುಟ್ಟಿದ್ದು ಹಾಗೆಯೇ. ಆದರೆ ಬೆಳಿಗ್ಗೆ 8-20ರ ಲೋಕಲಿನ ಬಾಗಿಲಲ್ಲಿ ನಿಂತು ಒಳಕ್ಕೆಳೆದುಕೊಳ್ಳುವ ಕೈ ಯಾರದೆಂದು ಯಾರೂ ಕೇಳುವುದಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರ ತಮ್ಮ ನಮಗೂ ಚಹಾ ತರುತ್ತಾನೆ. ಈ ಎರಡನೆಯ ಬಂಧುತ್ವಕ್ಕೆ ಹೆಸರಿಲ್ಲ, ಅದಕ್ಕೆ ಸಂಘವೂ ಇಲ್ಲ. ಕಾಯ್ಕಿಣಿಯವರು ಬರೆದದ್ದು ಅದನ್ನು. 'ನಮ್ಮವರು' ಎಂಬ ಶಬ್ದದ ಪರಿಧಿಯನ್ನು ಅವರು ಕನ್ನಡದಲ್ಲಿಯೇ, ಕನ್ನಡಿಗರಲ್ಲದವರ ಕಥೆ ಹೇಳಿ, ಹಿಗ್ಗಿಸಿದರು.

'ನೋ ಪ್ರೆಸೆಂಟ್ಸ್ ಪ್ಲೀಸ್' ಕಥೆಯನ್ನೇ ನೋಡೋಣ. ಹಿಂದುಮುಂದಿನ ಬಂಧುಗಳಿಲ್ಲದ ಪೋಪಟ್ ಮತ್ತು ಅಸಾವರಿ ಮದುವೆಯಾಗಲು ನಿಶ್ಚಯಿಸಿ, ಆಮಂತ್ರಣ ಪತ್ರಿಕೆಯ ಒಕ್ಕಣೆಯನ್ನು ಸಿದ್ಧಪಡಿಸಲು ಕೂಡುತ್ತಾರೆ. ಇತರರ ಮದುವೆಯಲ್ಲಿ ಇದೊಂದು ಸಾಮಾನ್ಯ ಕೆಲಸ. ಇವರಿಗೆ ಪ್ರತಿ ಸಾಲೂ ಸಮಸ್ಯೆ. ಹೆಸರಿನ ಮುಂದೆ ಯಾವ ಅಡ್ಡಹೆಸರು? ಇಂಥವರ ಸುಪುತ್ರ, ಇಂಥವರ ಸುಪುತ್ರಿ ಎನ್ನುವಲ್ಲಿ ಏನು ಬರೆಯುವುದು? ಉಡುಗೊರೆ ಬೇಡ ಎಂಬ ಇಂಗ್ಲಿಷ್ ಸಾಲನ್ನು ಕಾರ್ಡಿನ ಕೆಳಗೆ ಅಚ್ಚು ಹಾಕಿಸುವುದು ಅನುಕೂಲಸ್ಥರ ಸೌಜನ್ಯ. ಉಡುಗೊರೆ ಕೊಡುವವರೇ ಇಲ್ಲದವರು ಅದನ್ನು ಅಚ್ಚು ಹಾಕಿಸಹೊರಟಾಗ ಆ ಸಾಲಿಗೆ ಬೇರೆಯೇ ಅರ್ಥ ಬರುತ್ತದೆ.

ನಮ್ಮಂಥ ಬ್ಯಾಂಕ್ ನೌಕರರಿಗೆ ಈ ಕಥೆ ಸ್ವಲ್ಪ ಹೆಚ್ಚೇ ತಟ್ಟುತ್ತದೆ ಎನ್ನಬೇಕು. ಖಾತೆ ತೆರೆಯುವ ಅರ್ಜಿಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಖಾಯಂ ವಿಳಾಸ ಎಂಬ ಮನೆಗಳಿರುತ್ತವೆ. ಅಡ್ಡಹೆಸರಿನ ಮನೆಯಲ್ಲಿ ಊರಿನ ಹೆಸರು ಬರೆದು ಅದನ್ನೇ ಮುಂದಿನ ಪೀಳಿಗೆಗೆ ದಾಟಿಸಿದವರು ನಮ್ಮಲ್ಲಿ ಎಷ್ಟೋ ಮಂದಿ. ಖಾಯಂ ವಿಳಾಸದ ಮನೆಯಲ್ಲಿ, ಮಾಡು ಕುಸಿದು ವರ್ಷಗಳಾದ ಊರಮನೆಯ ವಿಳಾಸವನ್ನೇ ಭಕ್ತಿಯಿಂದ ಬರೆಯುವ ಗ್ರಾಹಕರನ್ನು ನಾವು ನೋಡಿದ್ದೇವೆ. ಮೂವತ್ತು ವರ್ಷ ಡೊಂಬಿವಲಿಯಲ್ಲಿದ್ದರೂ ಅದು ಅವರ ಪಾಲಿಗೆ ಸದ್ಯದ ವಿಳಾಸ.

ಕೆಲವು ಕಥೆಗಳು

ಅವರ ಕಥಾಸಂಕಲನಗಳಲ್ಲಿ ಮುಖ್ಯವಾದವು 'ತೆರೆದಷ್ಟೇ ಬಾಗಿಲು' (1982), 'ದಗಡೂ ಪರಬನ ಅಶ್ವಮೇಧ' (1989), 'ಅಮೃತಬಳ್ಳಿ ಕಷಾಯ' (1996), 'ಬಣ್ಣದ ಕಾಲು' (1999), 'ತೂಫಾನ್ ಮೇಲ್' (2005). ಎಲ್ಲ ಕಥೆಗಳೂ ಮುಂಬಯಿಯವಲ್ಲ. ಗೋಕರ್ಣದ ಪರಿಸರದವೂ ಗಣನೀಯವಾಗಿವೆ.

'ದಗಡೂ ಪರಬನ ಅಶ್ವಮೇಧ'ದಲ್ಲಿ ಮದುವೆಯ ಮೆರವಣಿಗೆಯ ಕುದುರೆ ಮದುಮಗನನ್ನು ಹೊತ್ತುಕೊಂಡೇ ದಿಬ್ಬಣದಿಂದ ಓಟ ಕೀಳುತ್ತದೆ. ನಕ್ಕು ಮುಗಿಸಬಹುದಾದ ಪ್ರಸಂಗ. ಆದರೆ ಬಾಡಿಗೆಗೆ ತಂದ ಕುದುರೆ, ಬಾಡಿಗೆಯ ಪೇಟ, ಬಾಡಿಗೆಯ ಕತ್ತಿಯೊಂದಿಗೆ ಒಂದು ಸಂಜೆಯ ಮಟ್ಟಿಗೆ ರಾಜನಾಗುವವನಿಗೆ ಅಶ್ವಮೇಧವೆಂಬ ದೊಡ್ಡ ಹೆಸರು ಕೊಟ್ಟದ್ದರಲ್ಲಿ ಹಾಸ್ಯದೊಂದಿಗೆ ಕರುಣೆಯೂ ಇದೆ. 'ಒಪೆರಾ ಹೌಸ್' ಕಥೆಯ ಇಂದ್ರನೀಲ ಸಿನಿಮಾ ಮಂದಿರದ ಕಸ ಗುಡಿಸುವವನು. ಆಟ ಮುಗಿದ ಮೇಲೆ ಆಸನಗಳ ಕೆಳಗೆ ಜನ ಬಿಟ್ಟುಹೋದ ವಸ್ತುಗಳು ಅವನಿಗೆ ಸಿಗುತ್ತವೆ. ಒಂದು ದಿನ ಸಿಗುವುದು ಒಂದು ಥರ್ಮಾಸ್ ಫ್ಲಾಸ್ಕು. ಫ್ಲಾಸ್ಕು ಹಿಡಿದುಕೊಂಡು ಸಿನಿಮಾಕ್ಕೆ ಬರುವವರು ಯಾರು? ಆಸ್ಪತ್ರೆಯಿಂದ ಬಂದವರೋ, ಆಸ್ಪತ್ರೆಗೆ ಹೊರಟವರೋ? ಕಾಣದ ಆ ಮನುಷ್ಯನ ಚಿಂತೆ ಗುಡಿಸುವವನಿಗೆ ಹತ್ತಿಕೊಳ್ಳುತ್ತದೆ. ಗಿರಗಾಂವಿನ ಆ ರಂಗಮಂದಿರ 1993ರಲ್ಲಿ ಮುಚ್ಚಿ, ದುರಸ್ತಿಗೊಂಡು 2016ರಲ್ಲಿ ಮತ್ತೆ ತೆರೆದುದನ್ನು ಓದುಗರು ಬಲ್ಲರು.

'ಕನ್ನಡಿ ಇಲ್ಲದ ಊರಲ್ಲಿ' ಕಥೆಯಲ್ಲಿ ವಯಸ್ಸು ಮೀರುತ್ತಿರುವ ಅವಿವಾಹಿತನೊಬ್ಬನ ಕೋಣೆಗೆ ಮುದುಕರೊಬ್ಬರು ತಮ್ಮ, ವಯಸ್ಸು ಮೀರಿದ ಮಗಳ ಸಂಬಂಧವನ್ನು ಹೊತ್ತು ಬರುತ್ತಾರೆ. 'ಸೇವಂತಿ ಹೂವಿನ ಟ್ರಕ್ಕು' ಕಥೆಯ ದುರ್ಗಿ ಒಂದೇ ಮನೆಯಲ್ಲಿ ಜೀವಮಾನವಿಡೀ ದುಡಿದ ಕೆಲಸದಾಕೆ. ಅವಳು ಹಾಸಿಗೆ ಹಿಡಿದಾಗ ಮನೆಯವರಿಗೆ, 'ಮನೆಯವಳಂತೆಯೇ' ಎಂದು ಇಷ್ಟು ವರ್ಷ ಹೇಳಿಕೊಂಡು ಬಂದ ಮಾತಿನ ತೂಕ ಎಷ್ಟೆಂದು ನೋಡಿಕೊಳ್ಳಬೇಕಾಗುತ್ತದೆ. ಸೌಮ್ಯ ಲೇಖಕರೆಂದು ಹೆಸರಾದ ಕಾಯ್ಕಿಣಿಯವರು ಮಧ್ಯಮವರ್ಗದ ಮೇಲೆ ಇಷ್ಟು ನಿಷ್ಠುರವಾಗಿ ಕಣ್ಣಿಟ್ಟ ಕಥೆ ಇನ್ನೊಂದಿರಲಾರದು. ನೆಲೆ ಕಂಡವರಾದ ನಾವು ಓದಲೇಬೇಕಾದ ಕಥೆ ಇದು.

'ಪಾರ್ಟ್‌ನರ್' ಎಂಬ ಕಥೆಯ ಹೆಸರೇ ಮುಂಬಯಿಯದು. ಒಂದು ಖೋಲಿಯನ್ನು ಹಂಚಿಕೊಂಡವರು ಒಬ್ಬರನ್ನೊಬ್ಬರು ಕರೆಯುವ ಈ ಶಬ್ದದಲ್ಲಿ ಗೆಳೆತನವೂ ಇಲ್ಲ, ಬಂಧುತ್ವವೂ ಇಲ್ಲ. ಬಾಡಿಗೆಯ ಅರ್ಧಪಾಲು ಮಾತ್ರ ಖಚಿತ. ಆದರೂ ಜ್ವರ ಬಂದಾಗ ತಲೆಯ ಮೇಲೆ ಒದ್ದೆ ಬಟ್ಟೆ ಹಾಕುವವನು ಅವನೇ.

2005ರ ಜುಲೈ 26ನ್ನು ಈ ಭಾಗದವರು ಯಾರೂ ಮರೆಯುವಂತಿಲ್ಲ. ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಉಲ್ಹಾಸ ನದಿ ಉಕ್ಕಿ ಕಲ್ಯಾಣ, ಬದಲಾಪುರಗಳು ಜಲಾವೃತವಾದವು. 'ನೀರು' ಕಥೆ ಆ ರಾತ್ರಿಯದು. ಏರುವ ನೀರಿನ ನಡುವೆ ನಿಂತುಬಿಟ್ಟ ಟ್ಯಾಕ್ಸಿಯಲ್ಲಿ ಇಬ್ಬರು ಪ್ರಯಾಣಿಕರು ಮತ್ತು ಚಾಲಕ ಕುಂಜಬಿಹಾರಿ. ಮಳೆ ಬರದಿದ್ದರೆ ಬಾಡಿಗೆ ಎಣಿಸಿಕೊಟ್ಟು ಹೊರಟುಹೋಗುತ್ತಿದ್ದವರು ಒಬ್ಬರ ಬದುಕಿಗೊಬ್ಬರು ಸಾಕ್ಷಿಯಾಗಬೇಕಾಗುತ್ತದೆ. ಮಹಾನಗರದ ಆಪತ್ತನ್ನು ಕುರಿತ ವರದಿಗಳಲ್ಲಿ ಇಲ್ಲದ ಯಾವುದೋ ಒಂದು ಸತ್ಯ ಇಲ್ಲಿದೆ.

ಒಂದು ಕೊರತೆಯನ್ನೂ ಹೇಳಬೇಕು. ಈ ಕಥೆಗಳಲ್ಲಿ ಕ್ರೌರ್ಯ ಅಪರೂಪ. 1992-93ರ ಗಲಭೆಗಳ ಮುಂಬಯಿ, 1982ರ ಗಿರಣಿ ಮುಷ್ಕರದ ನಂತರ ಕೆಲಸ ಕಳೆದುಕೊಂಡವರ ಮುಂಬಯಿ ಇಲ್ಲಿ ಅಂಚಿನಲ್ಲಿ ಮಾತ್ರ ಸುಳಿಯುತ್ತದೆ. ಆ ಅಪೇಕ್ಷೆಯುಳ್ಳವರು ಬಲ್ಲಾಳರ ಕಡೆಗೆ ಹೋಗಬೇಕು.

ದೂರದ ಒಂದು ಸಾದೃಶ್ಯ

ಕಾಯ್ಕಿಣಿಯವರಿಗಿಂತ ಒಂದು ವರ್ಷ ಕಿರಿಯ, ಚೀನಾದ ಲಿಯಾವೊನಿಂಗ್ ಪ್ರಾಂತದಲ್ಲಿ 1956ರಲ್ಲಿ ಜನಿಸಿದ ಹಾ ಜಿನ್ ಎಂಬ ಲೇಖಕರಿದ್ದಾರೆ. ಬಾಲ್ಯದಲ್ಲೇ ಸೈನ್ಯ ಸೇರಿ, 1985ರಲ್ಲಿ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೋದವರು. 1989ರ ತಿಯಾನನ್ಮೆನ್ ಹತ್ಯಾಕಾಂಡದ ತರುವಾಯ ಅಲ್ಲಿಯೇ ಉಳಿದು, ಮಾತೃಭಾಷೆಯನ್ನು ಬದಿಗಿಟ್ಟು ಇಂಗ್ಲಿಷಿನಲ್ಲಿ ಬರೆಯತೊಡಗಿದರು. ಮೊದಲು ಪ್ರಕಟವಾದದ್ದು ಇವರದೂ ಕವನ ಸಂಕಲನವೇ, 1990ರಲ್ಲಿ. 'ವೇಟಿಂಗ್' ಕಾದಂಬರಿಗೆ 1999ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥ ಪ್ರಶಸ್ತಿ ದೊರೆಯಿತು.

ಅವರ 'ಎ ಗುಡ್ ಫಾಲ್' (2009) ಸಂಕಲನದ ಹನ್ನೆರಡೂ ಕಥೆಗಳು ನ್ಯೂಯಾರ್ಕಿನ ಫ್ಲಶಿಂಗ್ ಎಂಬ ಬಡಾವಣೆಯವು. ಫ್ಲಶಿಂಗ್ ಎಂದರೆ ನಗರದ ರೈಲುಮಾರ್ಗವೊಂದರ ಕೊನೆಯ ನಿಲ್ದಾಣ, ಚೀನೀಯರು ದಟ್ಟವಾಗಿ ನೆಲೆಸಿರುವ ಜಾಗ. ಕಲ್ಯಾಣದ ಲೋಕಲಿನಲ್ಲಿ ಓಡಾಡಿದವರಿಗೆ ಆ ಪರಿಸರವನ್ನು ಊಹಿಸಿಕೊಳ್ಳುವುದು ಕಷ್ಟವಾಗದು. ಅದರಲ್ಲಿ ಒಂದು ಕಥೆ ಮಗನ ಮನೆಗೆ ಚೀನಾದಿಂದ ಬಂದು ನೆಲೆಸಿದ ಅಜ್ಜ ಅಜ್ಜಿಯರದು. ಶಾಲೆಯಲ್ಲಿ ಉಚ್ಚರಿಸಲು ಬಾರದೆಂದು ಮೊಮ್ಮಕ್ಕಳು ತಮ್ಮ ಹೆಸರನ್ನಷ್ಟೇ ಅಲ್ಲ, ಅಡ್ಡಹೆಸರನ್ನೂ ಬದಲಿಸಿಕೊಳ್ಳಬೇಕೆನ್ನುತ್ತಾರೆ. ಅಜ್ಜನಿಗೆ ಇದು ವಂಶವನ್ನೇ ಅಳಿಸಿಹಾಕಿದಂತೆ. ಪೋಪಟನಿಗೆ ಇಲ್ಲದ ಅಡ್ಡಹೆಸರು ಬೇಕು, ಈ ಮಕ್ಕಳಿಗೆ ಇರುವ ಅಡ್ಡಹೆಸರು ಬೇಡ. ಎರಡೂ ವಲಸೆಯ ಫಲಗಳೇ. 'ಎ ಫ್ರೀ ಲೈಫ್' (2007) ಕಾದಂಬರಿಯ ನಾನ್ ವೂ ಜಾರ್ಜಿಯಾ ರಾಜ್ಯದಲ್ಲಿ ಸಣ್ಣ ಹೋಟೆಲೊಂದನ್ನು ಕೊಂಡು, ಸಾಲ ಮಾಡಿ ಮನೆ ಮಾಡಿ, ಹೆಂಡತಿಯೊಂದಿಗೆ ಹಗಲಿರುಳು ದುಡಿದು ಕಂತು ತೀರಿಸುತ್ತಾನೆ. ಒಳಗೊಳಗೇ ಅವನಿಗೆ ಕವಿಯಾಗುವ ಹಂಬಲ. ಕಾದಂಬರಿಯ ಕೊನೆಯಲ್ಲಿ ಅವನು ಬರೆದ ಕವಿತೆಗಳನ್ನೇ ಸೇರಿಸಲಾಗಿದೆ. ಗೃಹಸಾಲವನ್ನು ಇಷ್ಟು ಗಂಭೀರವಾಗಿ ಪರಿಗಣಿಸಿದ ಕಾದಂಬರಿಯನ್ನು ನಾವಂತೂ ಬೇರೆ ಕಂಡಿಲ್ಲ.

ಹಾ ಜಿನ್ ಅವರಿಗೆ ಭಾಷೆ ಬದಲಿಸುವುದು ರಾಜಕೀಯ ಅನಿವಾರ್ಯತೆ. ಮಾತೃಭಾಷೆಯಲ್ಲಿ ಬರೆದರೆ ತಾಯ್ನಾಡಿನಲ್ಲಿ ಮುಕ್ತವಾಗಿ ಪ್ರಕಟಿಸುವಂತಿರಲಿಲ್ಲ. ಕಾಯ್ಕಿಣಿಯವರಿಗೆ ಅಂಥ ಒತ್ತಡವಿರಲಿಲ್ಲ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಮರಾಠಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷ್ ಇದ್ದ ಅವರು ಬರೆದದ್ದು ಮಾತ್ರ ಕನ್ನಡದಲ್ಲಿ. ಅವರ ಪಾತ್ರಗಳು ನಿಜಜೀವನದಲ್ಲಿ ಕನ್ನಡದ ಒಂದಕ್ಷರವನ್ನೂ ಆಡುವವರಲ್ಲ. ಹೀಗಾಗಿ ಆ ಕಥೆಗಳಲ್ಲಿನ ಪ್ರತಿಯೊಂದು ಸಂಭಾಷಣೆಯೂ ಮೂಲತಃ ಅನುವಾದವೇ. ಲೇಖಕರು ಮರಾಠಿ ಮುಂಬಯಿಯನ್ನು ಕಿವಿಯಲ್ಲಿ ಕೇಳಿ, ಕನ್ನಡದಲ್ಲಿ ಹೇಳಿದ್ದಾರೆ.

ಕವಿತೆಗಳು

'ಕೋಟಿತೀರ್ಥ' (1982), 'ಶ್ರಾವಣ ಮಧ್ಯಾಹ್ನ' (1987), 'ನೀಲಿಮಳೆ' (1997), 'ಒಂದು ಜಿಲೇಬಿ' (2008) ಅವರ ಇತರ ಕವನ ಸಂಕಲನಗಳು. ಕೋಟಿತೀರ್ಥವೆಂಬುದು ಗೋಕರ್ಣದ ಪುಷ್ಕರಿಣಿ. ಮುಂಬಯಿಯಲ್ಲಿದ್ದುಕೊಂಡು ಪ್ರಕಟಿಸಿದ ಸಂಕಲನಕ್ಕೆ ಊರಿನ ಕೆರೆಯ ಹೆಸರಿಟ್ಟದ್ದು ಗಮನಾರ್ಹ. ಕಥೆಗಳಲ್ಲಿ ಊರಿಲ್ಲದವರನ್ನು ಚಿತ್ರಿಸಿದವರು ಕವಿತೆಯಲ್ಲಿ ತಮ್ಮ ಊರನ್ನು ಕಾಪಾಡಿಕೊಂಡರು ಎನ್ನಬಹುದೇನೋ. ಅವರ ಕವಿತೆಗೆ ದೊಡ್ಡ ವಸ್ತು ಬೇಕಾಗುವುದಿಲ್ಲ. ನಿತ್ಯ ಕಣ್ಣಿಗೆ ಬೀಳುವ ಕ್ಷುಲ್ಲಕ ಪದಾರ್ಥವೇ ಸಾಕು. ಮನಸ್ಸಿಗೆ ಹತ್ತಿರವಾಗುವ ಗುಣ ಹೇರಳವಾಗಿದ್ದರೂ, ಕೆಲವೆಡೆ ಒಂದು ಉಪಮೆಯ ಬೆನ್ನಿಗೆ ಇನ್ನೊಂದು ಬಂದು ಓದುಗರನ್ನು ತುಸು ದಣಿಸುವುದೂ ಉಂಟು. ಕಥೆಯ ಶಿಸ್ತಿನಲ್ಲಿ ಅದೇ ಶಕ್ತಿ ಹದಕ್ಕೆ ಬರುತ್ತದೆ. ನಮ್ಮ ಮಟ್ಟಿಗೆ ಅವರು ಮೊದಲು ಕಥೆಗಾರರು. 'ಬೊಗಸೆಯಲ್ಲಿ ಮಳೆ' ಎಂಬ ಅಂಕಣ ಬರಹಗಳ ಸಂಗ್ರಹ ಈ ಎರಡರ ನಡುವಿನದು. ಹೊಸ ಓದುಗರು ಅಲ್ಲಿಂದ ಆರಂಭಿಸಿದರೂ ಒಳ್ಳೆಯದೇ.

ಇಂಗ್ಲಿಷಿಗೆ ಹೋದ ಮುಂಬಯಿ

ಹದಿನಾರು ಮುಂಬಯಿ ಕಥೆಗಳನ್ನು ಆಯ್ದು ತೇಜಸ್ವಿನಿ ನಿರಂಜನ ಅವರು ಮಾಡಿದ ಇಂಗ್ಲಿಷ್ ಅನುವಾದ 'ನೋ ಪ್ರೆಸೆಂಟ್ಸ್ ಪ್ಲೀಸ್' ಎಂಬ ಹೆಸರಿನಲ್ಲಿಯೇ 2017ರಲ್ಲಿ ಹೊರಬಂತು. ಇವರು ಕನ್ನಡದ ಹಿರಿಯ ಲೇಖಕರಾದ ನಿರಂಜನ ಮತ್ತು ಅನುಪಮಾ ನಿರಂಜನ ದಂಪತಿಗಳ ಪುತ್ರಿ. ದಕ್ಷಿಣ ಏಷ್ಯಾ ಸಾಹಿತ್ಯಕ್ಕೆ ಸಲ್ಲುವ 2018ನೇ ಸಾಲಿನ ಡಿ.ಎಸ್.ಸಿ. ಪ್ರಶಸ್ತಿ ಈ ಕೃತಿಗೆ ಬಂತು. 2019ರ ಜನವರಿಯಲ್ಲಿ ಕೋಲ್ಕತ್ತದಲ್ಲಿ ಘೋಷಣೆಯಾದ ಈ ಪ್ರಶಸ್ತಿಯ 25 ಸಾವಿರ ಡಾಲರ್ ಮೊತ್ತವನ್ನು ಲೇಖಕರು ಮತ್ತು ಅನುವಾದಕಿ ಹಂಚಿಕೊಂಡರು. ಅನುವಾದಿತ ಕೃತಿಯೊಂದು ಈ ಪ್ರಶಸ್ತಿ ಪಡೆದದ್ದು ಅದೇ ಮೊದಲು. ಬಳಿಕ ಅಮೆರಿಕದಲ್ಲಿಯೂ ಪ್ರಕಟವಾಗಿ, 2021ರಲ್ಲಿ ಅಲ್ಲಿನ ಸಾಹಿತ್ಯ ಅನುವಾದಕರ ಸಂಘದ ರಾಷ್ಟ್ರೀಯ ಅನುವಾದ ಪ್ರಶಸ್ತಿಯನ್ನು ಗದ್ಯ ವಿಭಾಗದಲ್ಲಿ ಪಡೆಯಿತು.

ಇದು ನಮ್ಮ ಕುಟುಂಬಗಳಿಗೆ ಒಂದು ವಿಚಿತ್ರ ಪರಿಸ್ಥಿತಿಯನ್ನು ತಂದಿದೆ. ದಾದರ, ಮಾಟುಂಗಾ, ಗಿರಗಾಂವಿನ ಚಾಳುಗಳಿಂದ ಹೊರಟು ಡೊಂಬಿವಲಿಯಲ್ಲಿ, ಕಲ್ಯಾಣದಲ್ಲಿ ಒಂದು ಕೋಣೆ ಅಡುಗೆಮನೆಯ ಬ್ಲಾಕ್ ಕೊಂಡ ಪೀಳಿಗೆ ಕನ್ನಡ ಓದಬಲ್ಲದು. ಅವರ ಮಕ್ಕಳು ಕನ್ನಡ ಮಾತನಾಡಬಲ್ಲರು, ಓದಲಾರರು. ವಾಶಿ, ಐರೋಳಿ, ಘೋಡ್‌ಬಂದರ್ ರಸ್ತೆಯ ಗೃಹಸಂಕುಲಗಳಲ್ಲಿ ಬೆಳೆಯುತ್ತಿರುವ ಮೊಮ್ಮಕ್ಕಳಿಗೆ ಅನೇಕ ಮನೆಗಳಲ್ಲಿ ಆಡುಮಾತೂ ತಡವರಿಸುತ್ತದೆ. ತಾವು ಹುಟ್ಟಿ ಬೆಳೆದ ನಗರದ ಬಗ್ಗೆ ತಮ್ಮ ಮನೆತನದ ಭಾಷೆಯಲ್ಲಿ ಬರೆಯಲಾದ ಕಥೆಯನ್ನು ಅವರು ಇಂಗ್ಲಿಷಿನಲ್ಲಿ ಓದಬೇಕಾಗಿದೆ. ಓದದಿರುವುದಕ್ಕಿಂತ ಇದು ಮೇಲು. ಆ ಅನುವಾದ ಸೊಗಸಾಗಿದೆ, ಪದವಿ ತರಗತಿಯ ಮಗನಿಗೋ ಮಗಳಿಗೋ ಹುಟ್ಟುಹಬ್ಬಕ್ಕೆ ಕೊಡಲು ಸಂಕೋಚಪಡಬೇಕಾಗಿಲ್ಲ.

ಆದರೂ ಇಂಗ್ಲಿಷಿನಲ್ಲಿ ಸಿಗದ ಒಂದು ಸಂಗತಿಯಿದೆ. ಕಥೆಗಳಲ್ಲಿನ ಮರಾಠಿ, ಹಿಂದಿ ಶಬ್ದಗಳನ್ನು ಅನುವಾದವೂ ಉಳಿಸಿಕೊಳ್ಳಬಲ್ಲದು. ಚಾಳ್ ಚಾಳಾಗಿಯೇ, ಖೋಲಿ ಖೋಲಿಯಾಗಿಯೇ ಇರಬಲ್ಲದು. ಉಳಿಯಲಾರದ್ದು ಆ ಶಬ್ದಗಳನ್ನು ಕನ್ನಡದ ವಿಭಕ್ತಿ ಪ್ರತ್ಯಯ ಹಿಡಿದುಕೊಳ್ಳುವ ರೀತಿ. 'ಖೋಲಿಯಲ್ಲಿ', 'ಲೋಕಲಿಗೆ', 'ಪಾರ್ಟ್‌ನರನ' ಎನ್ನುವಾಗ ಹೊರಗಿನ ಶಬ್ದ ನಮ್ಮ ವ್ಯಾಕರಣದೊಳಗೆ ಬಂದು ಕೂತುಕೊಳ್ಳುತ್ತದೆ. ಅದು ನಾವು ಮನೆಯಲ್ಲಿ ದಿನನಿತ್ಯ ಆಡುವ, ಊರಿನ ನೆಂಟರು ಬಂದಾಗ ನಕ್ಕು ಅಣಕಿಸುವ ಕನ್ನಡ. ಹಾ ಜಿನ್ ತಮ್ಮ 'ಎ ಗುಡ್ ಫಾಲ್' ಸಂಕಲನವನ್ನು ಇಂಗ್ಲಿಷಿನಿಂದ ಚೀನೀ ಭಾಷೆಗೆ ಸ್ವತಃ ತಾವೇ ಅನುವಾದಿಸಿದರು. ನಮ್ಮಲ್ಲಿ ಮೂಲವೇ ಕನ್ನಡದಲ್ಲಿದೆ. ಮಕ್ಕಳಿಗೆ ಅಕ್ಷರ ಬಾರದಿದ್ದರೆ ರಾತ್ರಿ ಊಟದ ನಂತರ ಒಂದು ಕಥೆಯನ್ನು ಮನೆಯ ಹಿರಿಯರು ಗಟ್ಟಿಯಾಗಿ ಓದಿ ಹೇಳಬಹುದು. 'ನೋ ಪ್ರೆಸೆಂಟ್ಸ್ ಪ್ಲೀಸ್' ಓದಲು ಅರ್ಧ ಗಂಟೆ ಸಾಕು. ಪೋಪಟನ ಮಾತು ಬಂದಾಗ ನಗುವವರು ಮಕ್ಕಳೇ ಆಗಿರುತ್ತಾರೆ. ಆ ಭಾಷೆ ಅವರಿಗೆ ಚೆನ್ನಾಗಿ ಗೊತ್ತು.